ಯಾರೂ ಅನಿವಾರ್ಯರಲ್ಲ ಎನ್ನುವ ಮಾತು

‘ಯಾರೂ ಅನಿವಾರ್ಯರಲ್ಲ’ ಎಂಬ ಮಾತನ್ನು ನಾವು ಎರಡು ಬಗೆಯಲ್ಲಿ ಬಳಸುತ್ತೇವೆ. ಕುರ್ಚಿ ಬಿಟ್ಟು ಏಳಲೊಲ್ಲದವರ ಬಗ್ಗೆ ಆಡಿದಾಗ ಅದರಲ್ಲೊಂದು ನ್ಯಾಯವಿದೆ. ಸದ್ದಿಲ್ಲದೆ ದುಡಿದು ಹೋದವರ ಬಗ್ಗೆ ಆಡಿದಾಗ ಅದೇ ಮಾತು ಕ್ರೂರವಾಗುತ್ತದೆ. ಎರಡೂ ಕಡೆ ಕೊಡುವ ಸಾಕ್ಷ್ಯ ಮಾತ್ರ ಒಂದೇ: ಅವರು ಹೋದರು, ಏನೂ ನಿಲ್ಲಲಿಲ್ಲ. ಈ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದು ನನಗೆ ದಿನನಿತ್ಯದ ಪ್ರಶ್ನೆ. ನಾನು ಪಿಎಚ್.ಡಿ. ಮಾಡುತ್ತಿರುವುದು ಜೀವಕೋಶದೊಳಗಿನ ಸೆಂಟ್ರೋಸೋಮ್‌ನ ಮೇಲೆ. ನಮ್ಮ ಶಾಸ್ತ್ರದಲ್ಲಿ ಯಾವುದರ ಕೆಲಸ ಏನೆಂದು ತಿಳಿಯಲು ಇರುವ ದೊಡ್ಡ ಉಪಾಯವೆಂದರೆ ಅದನ್ನು ತೆಗೆದು ನೋಡುವುದು.

ಸೆಂಟ್ರೋಸೋಮ್ ಬಹಳ ಪುಟ್ಟದು. ಅದರ ನಡುವೆ ಎರಡು ಸೆಂಟ್ರಿಯೋಲ್‌ಗಳಿರುತ್ತವೆ. ಸಣ್ಣ ಸಣ್ಣ ನಳಿಕೆಗಳ ಒಂಬತ್ತು ಕಟ್ಟುಗಳನ್ನು ದುಂಡಗೆ ನಿಲ್ಲಿಸಿದರೆ ಒಂದು ಸೆಂಟ್ರಿಯೋಲ್. ಉದ್ದ ಸುಮಾರು ಅರ್ಧ ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಅವುಗಳ ಸುತ್ತ ಪ್ರೋಟೀನುಗಳು ದಟ್ಟವಾಗಿ ಕವಿದಿರುತ್ತವೆ, ಅಲ್ಲಿಂದ ಎಳೆಗಳು ಕೋಶದ ಉದ್ದಗಲಕ್ಕೂ ಹೊರಡುತ್ತವೆ. ಕೋಶ ಒಡೆದು ಎರಡಾಗುವ ಮೊದಲು ಸೆಂಟ್ರೋಸೋಮ್ ತಾನು ಎರಡಾಗಿ ಎದುರುಬದುರು ತುದಿಗಳಿಗೆ ಹೋಗಿ ನಿಲ್ಲುತ್ತದೆ. ನಡುವೆ ನೂಲುವ ಕದಿರಿನ ಆಕಾರದಲ್ಲಿ ಎಳೆಗಳು ಹೆಣೆದುಕೊಂಡು ವರ್ಣತಂತುಗಳನ್ನು ಎರಡು ಪಾಲು ಮಾಡುತ್ತವೆ. 1888ರಲ್ಲಿ ಜರ್ಮನಿಯ ಥಿಯೋಡರ್ ಬೊವೆರಿ ಇದಕ್ಕೆ ಹೆಸರಿಟ್ಟ. ಕೋಶ ವಿಭಜನೆಯ ಯಜಮಾನಿಕೆ ಇದರದ್ದೇ ಎಂದು ಆತ ನಂಬಿದ್ದ. ಸೂಕ್ಷ್ಮದರ್ಶಕದಲ್ಲಿ ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಹೆಸರಿನದೇ ಒಂದು ತಮಾಷೆ ಇದೆ. ನಮ್ಮ ಪಠ್ಯಪುಸ್ತಕಗಳು ‘ಕೋಶಕೇಂದ್ರ’ ಎಂಬ ಹೆಸರನ್ನು ನ್ಯೂಕ್ಲಿಯಸ್‌ಗೆ ಕೊಟ್ಟುಬಿಟ್ಟಿವೆ. ಹೀಗಾಗಿ ಹೆಸರಿನಲ್ಲೇ ‘ಸೆಂಟರ್’ ಇರುವ ಸೆಂಟ್ರೋಸೋಮ್‌ಗೆ ಕನ್ನಡದಲ್ಲಿ ಕೇಂದ್ರ ಉಳಿದಿಲ್ಲ. ಆದರೆ ‘ಕೇಂದ್ರ’ವೂ ಮೂಲದಲ್ಲಿ ಗ್ರೀಕರ ಮಾತೇ, ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು ನಮ್ಮದಾಯಿತು. ಅಲ್ಲಿ ಅದರ ಹಳೆಯ ಅರ್ಥ ಚುಚ್ಚುವ ಮೊನೆ. ಎತ್ತನ್ನು ತಿವಿಯುವ ಕೋಲಿನ ಮೊನೆ, ಆಮೇಲೆ ಕೈವಾರದ ಮೊನೆ. ಮೊನೆ ಊರಿದ ಕಡೆ ಕೇಂದ್ರವಾಯಿತು. ಊರಿದ್ದು ಯಾರು ಎಂಬ ಪ್ರಶ್ನೆ ಆ ಪದದೊಳಗೇ ಅಡಗಿದೆ ಎಂದು ನನಗೆ ಅನ್ನಿಸುವುದುಂಟು.

ಇರಲಿ. 2000ದಲ್ಲಿ ಅಮೆರಿಕದ ಆಲ್ಬನಿಯ ವಿಜ್ಞಾನಿಗಳು ಲೇಸರ್ ಕಿರಣದಿಂದ ಪ್ರಾಣಿಕೋಶದ ಸೆಂಟ್ರೋಸೋಮ್‌ಗಳನ್ನು ಸುಟ್ಟರು. ಕದಿರು ಆದರೂ ಮೂಡಿತು, ಎರಡು ತುದಿಗಳ ಸಮೇತ. ಸಸ್ಯಶಾಸ್ತ್ರಜ್ಞರಿಗೆ ಇದರಲ್ಲಿ ಅಂಥ ಆಶ್ಚರ್ಯವೇನೂ ಇರಲಿಕ್ಕಿಲ್ಲ. ರಾಗಿ, ಮಾವು, ತೆಂಗು, ಹೂಬಿಡುವ ಯಾವ ಗಿಡದಲ್ಲೂ ಸೆಂಟ್ರೋಸೋಮ್ ಇಲ್ಲ. ಅವು ಬೆಳೆಯುತ್ತಲೇ ಇವೆ. 2006ರಲ್ಲಿ ಕೇಂಬ್ರಿಜ್‌ನಿಂದ ಇನ್ನೂ ದೊಡ್ಡ ಸುದ್ದಿ ಬಂತು: ಸೆಂಟ್ರಿಯೋಲ್ ಕಟ್ಟಲು ಬೇಕಾದ ಒಂದು ಜೀನ್ ಕೆಟ್ಟಿರುವ ಹಣ್ಣುನೊಣಗಳು ಮೊಟ್ಟೆಯೊಡೆದು, ಹುಳುವಾಗಿ, ಗೂಡುಕಟ್ಟಿ, ರೆಕ್ಕೆ, ಕಣ್ಣು, ಕಾಲು ಎಲ್ಲ ನೆಟ್ಟಗಿರುವ ನೊಣಗಳಾಗಿ ಹೊರಬಂದವು. ಅಲ್ಲಿಗೆ ಯಜಮಾನಿಕೆಯ ಕತೆ ಮುಗಿಯಿತು ಎನ್ನಬೇಕು.

ಆದರೆ ಆ ನೊಣಗಳು ನೆಟ್ಟಗೆ ನಡೆಯಲಾರವು. ಸೆಂಟ್ರಿಯೋಲ್‌ಗೆ ಇನ್ನೊಂದು ಕೆಲಸವಿದೆ, ಸಿಲಿಯ ಎಂಬ ಕೂದಲಿನಂಥ ರಚನೆಗೆ ಬುಡವಾಗುವುದು. ನೊಣದ ಸಂವೇದನೆಯ ನರಕೋಶಗಳಿಗೆ ಸಿಲಿಯ ಬೇಕು. ಅದಿಲ್ಲದೆ ನೊಣಕ್ಕೆ ತನ್ನ ಕಾಲು ಎಲ್ಲಿದೆ ಎಂಬುದರ ಅರಿವೇ ಇರುವುದಿಲ್ಲ. ಹೊರಬಂದ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಗೂಡಿನಿಂದ ಹೊರಬರುವ ಗಳಿಗೆಗೇ ನೋಡುವುದನ್ನು ನಿಲ್ಲಿಸಿದ್ದರೆ ‘ಬೇಕಾಗಿಲ್ಲ’ ಎಂದು ಬರೆದು ಮುಗಿಸಬಹುದಿತ್ತು.

ಇನ್ನೂ ಒಂದು ಸಂಗತಿ ಇದೆ. ಆ ನೊಣಗಳ ತಾಯಂದಿರಲ್ಲಿ ಜೀನಿನ ಒಂದು ಪ್ರತಿ ಸರಿಯಿತ್ತು. ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಪ್ರೋಟೀನಿನಿಂದ ಭ್ರೂಣದ ಆರಂಭದ ಹಂತಗಳು ಕಳೆದವು. ಆ ಗಂಟೂ ಇಲ್ಲದಂತೆ ಮಾಡಿದಾಗ, ಮರುವರ್ಷ ಪ್ರಕಟವಾದಂತೆ, ಭ್ರೂಣ ಆರಂಭದ ವಿಭಜನೆಗಳಲ್ಲೇ ನಿಂತುಹೋಯಿತು. ‘ಇಲ್ಲದೆಯೇ ನಡೆಯಿತು’ ಎಂದದ್ದು ಹಿಂದಿನ ಉಳಿತಾಯದ ಮೇಲೆ ನಡೆದದ್ದು.

ನಮ್ಮ ವಿಭಾಗದಲ್ಲಿ ಒಬ್ಬ ಅಟೆಂಡರ್ ಇದ್ದರು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಕುದಿಸಿ ನೊಣಗಳಿಗೆ ಆಹಾರ ಮಾಡುವುದು ಅವರ ಕೆಲಸ. ನಿವೃತ್ತರಾದ ದಿನ ಶಾಲು ಹೊದಿಸಿದವರೇ ಭಾಷಣದಲ್ಲಿ ಯಾರೂ ಅನಿವಾರ್ಯರಲ್ಲ ಎಂದರು, ಹುದ್ದೆಯನ್ನು ತುಂಬಲಿಲ್ಲ. ನಿಜಕ್ಕೂ ಏನೂ ನಿಲ್ಲಲಿಲ್ಲ. ಅವರು ಮಾಡಿಟ್ಟ ಬಾಟಲಿಗಳು ಕೆಲವು ವಾರ ಬಂದವು, ಆಮೇಲೆ ನಾವು ಸರದಿಯ ಮೇಲೆ ಕುದಿಸತೊಡಗಿದೆವು. ಮಳೆಗಾಲ ಬಂದಾಗ ಆಹಾರ ನೀರೊಡೆದು ನೊಣಗಳು ಅದರಲ್ಲಿ ಅಂಟಿಕೊಂಡು ಸಾಯತೊಡಗಿದವು. ಜೂನ್ ಬಂದರೆ ನೀರು ಕಡಿಮೆ ಹಾಕಬೇಕೆಂದು ಅವರಿಗೆ ಗೊತ್ತಿತ್ತು. ಅದನ್ನು ಎಲ್ಲೂ ಬರೆದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಹಾಗೆಂದು ಅವರು ಅನಿವಾರ್ಯರಾಗಿದ್ದರು ಎಂದು ವಾದಿಸಲು ನನಗೆ ಇಷ್ಟವಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾವೂ ಕಲಿತೆವು. ನನ್ನ ತಕರಾರು ಪರೀಕ್ಷೆಯ ಬಗ್ಗೆ. ಮನುಷ್ಯನ ಬೆಲೆಯನ್ನು ಅವನು ಹೋದ ಮೇಲೆ ಎಷ್ಟು ಕೆಟ್ಟಿತು ಎಂಬುದರಿಂದ ಅಳೆಯುವುದಾದರೆ, ತನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿ ಹೋದವನು ಬೆಲೆಯಿಲ್ಲದವನಾಗುತ್ತಾನೆ, ಬಚ್ಚಿಟ್ಟುಕೊಂಡು ಹೋದವನು ದೊಡ್ಡವನಾಗುತ್ತಾನೆ.

ಮನುಷ್ಯರ ಕೋಶಗಳಿಗೆ ಬಂದರೆ ವಿಷಯ ಇನ್ನೂ ಗೋಜಲು. 2015ರಲ್ಲಿ ಸ್ಯಾನ್ ಡಿಯಾಗೋದ ತಂಡವೊಂದು ಸೆಂಟ್ರಿಯೋಲ್ ಹುಟ್ಟದಂತೆ ತಡೆಯುವ ಸೆಂಟ್ರಿನೋನ್ ಎಂಬ ರಾಸಾಯನಿಕವನ್ನು ತಯಾರಿಸಿತು. ಸೆಂಟ್ರೋಸೋಮ್ ಕಳೆದುಕೊಂಡ ಆರೋಗ್ಯವಂತ ಕೋಶಗಳು ವಿಭಜನೆಯನ್ನೇ ನಿಲ್ಲಿಸಿದವು. ಅನಿವಾರ್ಯ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಬೇಕು. ಅವು ನಿಂತದ್ದು ಕೈಲಾಗದೆ ಅಲ್ಲ, ಪಿ53 ಎಂಬ ಕಾವಲು ಪ್ರೋಟೀನ್ ತಡೆದದ್ದರಿಂದ. ಆ ಕಾವಲನ್ನು ತೆಗೆದರೆ ಸೆಂಟ್ರೋಸೋಮ್ ಇಲ್ಲದೆಯೂ ಅವು ವಿಭಜಿಸುತ್ತವೆ, ನಿಧಾನವಾಗಿ, ತಪ್ಪುಗಳನ್ನು ಮಾಡುತ್ತ. ಪ್ರಯೋಗಾಲಯಗಳಲ್ಲಿ ಬೆಳೆಸುವ ಎಷ್ಟೋ ಕ್ಯಾನ್ಸರ್ ಕೋಶಗಳು ಹೀಗೆಯೇ ಸೆಂಟ್ರೋಸೋಮ್ ಇಲ್ಲದೆ ಸಾಗಿದವು. ಈ ಕಾವಲಿನ ಜಾಲ ಲೆಕ್ಕವಿಡುವುದು ಮುಖ್ಯವಾಗಿ ಸಮಯವನ್ನು: ತಾಯಿಕೋಶ ಒಡೆಯಲು ತೀರ ಹೊತ್ತು ತೆಗೆದುಕೊಂಡಿದ್ದರೆ ಮಗಳು ಕೋಶಗಳಿಗೆ ಮುಂದೆ ಅವಕಾಶವಿಲ್ಲ. 2014ರಲ್ಲಿ ಇಲಿಯ ಭ್ರೂಣದ ಮಿದುಳಿನಲ್ಲೂ ಇಂಥದೇ ಕಂಡಿತ್ತು. ಸೆಂಟ್ರಿಯೋಲ್ ಇಲ್ಲದ ಮಿದುಳು ಚಿಕ್ಕದಾಯಿತು. ಪಿ53ಯನ್ನೂ ತೆಗೆದಾಗ ಗಾತ್ರ ಬಹುಮಟ್ಟಿಗೆ ಮರಳಿತು. ಅಂದರೆ ಕೋಶಗಳನ್ನು ಕೊಂದದ್ದು ಕೊರತೆಯಲ್ಲ, ಕೊರತೆಯನ್ನು ಸಹಿಸದ ನಿಯಮ.

ಇದನ್ನು ಮೊದಲು ಓದಿದಾಗ ನನಗೆ ಆ ಕಾವಲಿನ ಮೇಲೆ ಸಿಟ್ಟು ಬಂದಿತ್ತು. ನಿಧಾನಿಗಳನ್ನು ಹೊರಗಟ್ಟುವ ನಿಯಮಗಳನ್ನು ಪಿಎಚ್.ಡಿ. ವಿದ್ಯಾರ್ಥಿಗಳು ಅಷ್ಟು ತಣ್ಣಗೆ ನೋಡಲಾರರು. ಆದರೆ ಕಾವಲಿಲ್ಲದ ಕೋಶ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತು. ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಬಾರಿ ಕೆಟ್ಟಿರುವ ಜೀನ್ ಪಿ53ರದೇ. ನಿಯಮ ತಪ್ಪೆಂದು ಹೇಳಲಾರೆ. ‘ಅದಿಲ್ಲದೆ ಆಗುವುದಿಲ್ಲ’ ಎಂಬುದನ್ನೂ ‘ಅದಿಲ್ಲದೆ ಬಿಡುವುದಿಲ್ಲ’ ಎಂಬುದನ್ನೂ ಒಂದೇ ಎಂದುಕೊಳ್ಳಬಾರದು, ಅಷ್ಟೇ. ಕಚೇರಿಗಳಲ್ಲಿ, ಮನೆಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ಎಷ್ಟು ಸಲ ತರುತ್ತಾರೆಂದು ನೀವೂ ಕಂಡಿರುತ್ತೀರಿ.

ಕೊನೆಗೆ, ಈ ಲೆಕ್ಕಕ್ಕೆ ಸಿಗದ ಒಂದು ಜಾಗ ಉಳಿದಿದೆ: ಅಂಡ. ಬಹುಪಾಲು ಪ್ರಾಣಿಗಳಲ್ಲಿ, ನಮ್ಮಲ್ಲೂ, ಅಂಡವು ಪಕ್ವವಾಗುವಾಗ ತನ್ನ ಸೆಂಟ್ರಿಯೋಲ್‌ಗಳನ್ನು ಕಳಚಿಕೊಳ್ಳುತ್ತದೆ. ಮನುಷ್ಯ ಭ್ರೂಣಕ್ಕೆ ಅದು ಮತ್ತೆ ಬರುವುದು ತಂದೆಯ ವೀರ್ಯಾಣುವಿನಿಂದ. ಹಣ್ಣುನೊಣದಲ್ಲಿ ಹೀಗೆ ಕಳಚದಂತೆ ತಡೆದು ನೋಡಿದ್ದಾರೆ, 2016ರಲ್ಲಿ. ಸೆಂಟ್ರಿಯೋಲ್ ಉಳಿಸಿಕೊಂಡ ಅಂಡಗಳಲ್ಲಿ ವಿಭಜನೆ ಹದಗೆಟ್ಟಿತು, ಆ ಹೆಣ್ಣುನೊಣಗಳು ಬಂಜೆಯಾದವು.