ಒಲೆಗೆಂದ ಗ್ಯಾಸು, ನಲ್ಲಿಗೆ

ಬಡವರಿಗಾಗಿ ಯಂತ್ರ ಕಟ್ಟುವವನು ಅವರ ಕಷ್ಟವನ್ನು ಅವರಿಗಿಂತ ಚೆನ್ನಾಗಿ ಬಲ್ಲನೇ? ಆತಗೂರಿನವರಾದ ನಮಗೆ ಕುಣಿಗಲ್ ಪಕ್ಕದ ತಾಲ್ಲೂಕು. ಅಲ್ಲಿನ ಪುರ ಎಂಬ ಹಳ್ಳಿ ನೆನಪಾಗುತ್ತದೆ.

ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಆರಂಭಿಸಿದರು. ಪುರದಲ್ಲಿ ಅವರ ತಂಡ ಮೊದಲು ಯೋಚಿಸಿದ್ದು ಗೋಬರ್ ಗ್ಯಾಸಿನ ಅಡುಗೆ. ಊರಿನ ಸಗಣಿಯೆಲ್ಲ ಸೇರಿದರೂ ಒಲೆಗಳಿಗೆ ಸಾಲಲಿಲ್ಲ. ಸೌದೆ ಹೇಗೋ ಸಿಗುತ್ತಿತ್ತು. ಊರವರಿಗೆ ಬೇಕಿದ್ದದ್ದು ನೀರು. 1987ರಿಂದ ಅದೇ ಗ್ಯಾಸು ಎಂಜಿನ್ ಓಡಿಸಿತು: ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹೊತ್ತಿತು. ಬಗ್ಗಡ ಗೊಬ್ಬರವಾಗಿ ಮರಳಿತು.

ಮೊದಲ ಯೋಜನೆಯನ್ನು ಬಿಟ್ಟುಕೊಡುವುದು, ಸಂಶೋಧನೆ ಮಾಡುವ ನನಗೆ ಗೊತ್ತು, ಸುಲಭವಲ್ಲ. ಯಂತ್ರಕ್ಕಿಂತ ನನಗೆ ಅದೇ ದೊಡ್ಡದು. ಆದರೆ ಒಂದು ತೊಡಕು ಉಳಿಯುತ್ತದೆ. ನಲ್ಲಿಯಿಂದ ಹೆಂಗಸರಿಗೆ ಬಿಂದಿಗೆಯ ನಡಿಗೆ ಕಮ್ಮಿಯಾಯಿತು, ನಿಜ. ಸೌದೆ ಒಲೆಯ ಹೊಗೆ ಕುಡಿಯುತ್ತಿದ್ದವರೂ ಅವರೇ. ಊರು ನೀರು ಕೇಳಿತು ಎನ್ನುವಾಗ, ಒಲೆ ಮುಂದೆ ಕೂತವಳನ್ನೂ ಕೇಳಿದ್ದರೇ?