ಸೋದರ ಸಮರವೂ ವಿರೋಧಿ ಹಿಂಸೆಯೂ

ಕ್ರಿ.ಶ. 1068ರ ಮಾರ್ಚ್ ತಿಂಗಳಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಗುಣವಾಗದ ಜ್ವರದಿಂದ ಬಳಲಿ, ಕುರುವತ್ತಿಯ ಬಳಿ ತುಂಗಭದ್ರೆಗಿಳಿದು ಜಲಸಮಾಧಿ ಹೊಂದಿದನು. ಹಿರಿಯ ಮಗ ಎರಡನೆಯ ಸೋಮೇಶ್ವರನು ಭುವನೈಕಮಲ್ಲನೆಂಬ ಬಿರುದಿನಿಂದ ಪಟ್ಟವೇರಿದನು. ತಂದೆಯ ಕಾಲದಲ್ಲಿ ಅನೇಕ ದಂಡಯಾತ್ರೆಗಳನ್ನು ನಡೆಸಿ ಹೆಸರಾಗಿದ್ದ ಎರಡನೆಯ ಮಗ ವಿಕ್ರಮಾದಿತ್ಯನು ತಮ್ಮನಾಗಿಯೇ ಉಳಿಯಬೇಕಾಯಿತು. ಎಂಟು ವರ್ಷಗಳು ಕಳೆಯುವಷ್ಟರಲ್ಲಿ, 1076ರಲ್ಲಿ, ತಮ್ಮನು ಅಣ್ಣನನ್ನು ಯುದ್ಧದಲ್ಲಿ ಗೆದ್ದು ಸೆರೆಹಿಡಿದು ಸಿಂಹಾಸನವನ್ನೇರಿದನು.

ಈ ಕಲಹ ಕಲ್ಯಾಣದ ಅರಮನೆಯೊಳಗೇ ಮುಗಿದುದಲ್ಲ. ಅಣ್ಣನು ಚೋಳ ಕುಲೋತ್ತುಂಗನೊಡನೆ ಕೈಜೋಡಿಸಿದನು. ತಮ್ಮನ ಪಕ್ಷಕ್ಕೆ ಗೋವೆಯ ಕದಂಬರೂ ಹೊಯ್ಸಳರೂ ಸೇರಿದರು. ಶಿಕಾರಿಪುರ, ಸೊರಬ ಸೀಮೆಗಳನ್ನೊಳಗೊಂಡ ಬನವಾಸಿ ಹನ್ನೆರಡು ಸಾಸಿರವು ಇಬ್ಬರಿಗೂ ಬೇಕಾದ ನಾಡಾಗಿತ್ತು. ಇಂದು ತೊಗರ್ಸಿಯ ಮಲ್ಲಿಕಾರ್ಜುನ ದೇವಾಲಯವನ್ನು ನೋಡಿ ಬಳ್ಳಿಗಾವಿಯ ಕಡೆಗೆ ಹೊರಡುವ ಯಾತ್ರಿಕನು ನಡೆಯುವುದು ಆ ನಾಡಿನ ನಡುವೆಯೇ. ಅಲ್ಲಿಯ ಒಕ್ಕಲಿಗನಿಗೆ ಒಡೆಯನು ಅಣ್ಣನೋ ತಮ್ಮನೋ ಎಂಬುದರಿಂದ ಆದ ಲಾಭವೇನೆಂದು ಯಾವ ಪ್ರಶಸ್ತಿಕಾರನೂ ಕೇಳಲಿಲ್ಲ.

ಇಂಗ್ಲೆಂಡಿನಲ್ಲಿ 1455ರಿಂದ 1485ರವರೆಗೆ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು, ಒಬ್ಬನೇ ರಾಜನ ಸಂತತಿಯವರು, ಕಿರೀಟಕ್ಕಾಗಿ ಕಾದಾಡಿದವು. ಆ ಕದನಗಳಿಗೆ ಗುಲಾಬಿ ಯುದ್ಧಗಳೆಂದು ಹೆಸರು. ಹೂವಿನ ಹೆಸರು ಇಷ್ಟು ಅನುಚಿತವಾಗಿ ಬೇರೆಲ್ಲೂ ಬಳಕೆಯಾಗಿರಲಾರದು. ಕೊನೆಗೆ 1485ರ ಆಗಸ್ಟ್ 22ರಂದು ಬಾಸ್‌ವರ್ತ್ ರಣಭೂಮಿಯಲ್ಲಿ ಗೆದ್ದ ಏಳನೆಯ ಹೆನ್ರಿಯು ತನ್ನ ಆಳ್ವಿಕೆ ಅದರ ಹಿಂದಿನ ದಿನವೇ ಆರಂಭವಾಯಿತೆಂದು ಘೋಷಿಸಿದನು. ತಮ್ಮ ಅರಸನಿಗಾಗಿ ಹೋರಾಡಿದವರೆಲ್ಲ ಇದರಿಂದ ಒಂದೇ ಏಟಿಗೆ ರಾಜದ್ರೋಹಿಗಳಾದರು. ನಾಲ್ಕು ಶತಮಾನಗಳ ಹಿಂದೆ ವಿಕ್ರಮಾದಿತ್ಯನೂ ಕಾಲಗಣನೆಗೇ ಕೈಹಾಕಿದ್ದನು. ಶಕವರ್ಷವನ್ನು ಬದಿಗಿರಿಸಿ 1076ರಿಂದ ಚಾಲುಕ್ಯ ವಿಕ್ರಮ ವರ್ಷವನ್ನು ನಡೆಸಿದನು. ಗೆದ್ದವನಿಗೆ ರಾಜ್ಯವೊಂದೇ ಸಾಲದು, ಗೆದ್ದ ಬಗೆಯೂ ನ್ಯಾಯವೆನಿಸಿಕೊಳ್ಳಬೇಕು.

ಇಲ್ಲಿಯೇ ನೀತಿಯ ಪ್ರಶ್ನೆ ಏಳುತ್ತದೆ. ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಚಕರಿಗೆ ತಿಳಿದ ವಿಷಯ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣ ತೊರೆಯಬೇಕು. ಉಳಿದ ಮೂರನ್ನು ಯತ್ನಪೂರ್ವಕವಾಗಿ ಮಿತಗೊಳಿಸಬೇಕು. ಮೇಲೆರಗಿ ಬಂದವನನ್ನು ತಡೆಯುವಲ್ಲಿ ಆಗುವ ವಿರೋಧಿ ಹಿಂಸೆಗೆ ಅವಕಾಶವಿದೆ. ಗಂಗ, ಹೊಯ್ಸಳ ರಾಜ್ಯಗಳ ಜೈನ ದಂಡನಾಯಕರು ಖಡ್ಗವನ್ನೂ ವ್ರತವನ್ನೂ ಒಟ್ಟಿಗೆ ಧರಿಸಿದುದು ಈ ಅವಕಾಶದ ಬಲದಿಂದಲೇ. ಆದರೆ ತನ್ನ ಯುದ್ಧವನ್ನು ವಿರೋಧಿಯೆಂದು ಕರೆಯದ ಅರಸನು ಚರಿತ್ರೆಯಲ್ಲಿ ಎಲ್ಲಿದ್ದಾನೆ?

ವಿಕ್ರಮಾದಿತ್ಯನ ಪಕ್ಷದ ವಾದವನ್ನು ಅವನ ಆಸ್ಥಾನದ ಕಾಶ್ಮೀರದ ಕವಿ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ಬರೆದಿಟ್ಟಿದ್ದಾನೆ. ತಂದೆಯೇ ಯುವರಾಜಪದವಿಯನ್ನು ಕೊಡಬಂದಾಗ, ಅಣ್ಣನಿರುವಾಗ ಅದು ಸಲ್ಲದೆಂದು ವಿಕ್ರಮನು ಒಲ್ಲೆನೆಂದನಂತೆ. ಅಣ್ಣನು ದುರ್ಮಾರ್ಗಿಯಾದನಂತೆ, ತಮ್ಮನ ಮೇಲೆ ಸೈನ್ಯ ಕಳುಹಿಸಿದನಂತೆ. ಆದರೂ ಸೋದರನೊಡನೆ ಕಾದಲು ತಮ್ಮನಿಗೆ ಮನಸ್ಸಿರಲಿಲ್ಲ. ಶಿವನು ಕನಸಿನಲ್ಲಿ ಬಂದು ಯುದ್ಧಕ್ಕೆ ಆಜ್ಞಾಪಿಸಿದನು. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೇ ಮರಳಿಸಬೇಕೆಂದಿದ್ದನು. ಶಿವನು ಮತ್ತೆ ಕೋಪದಿಂದ ತಡೆದನು. ಪುಣ್ಯವಂತನಾದ ತಮ್ಮನು ತನಗೆ ಬೇಡವಾದುದನ್ನೆಲ್ಲ ಹೀಗೆ ಒಂದೊಂದಾಗಿ ಪಡೆಯುತ್ತ ಹೋದುದು ಆಶ್ಚರ್ಯಕರ! ಸೆರೆಯಾದ ಅಣ್ಣನ ಪಕ್ಷವನ್ನು ಹೇಳಿದ ಕಾವ್ಯವೊಂದೂ ಉಳಿದಿಲ್ಲ. ಅವನನ್ನು ದುಷ್ಟನೆನ್ನಲು ಇರುವ ಮುಖ್ಯ ಸಾಕ್ಷಿ ಗೆದ್ದವನ ಕವಿಯದು. ಇತಿಹಾಸಜ್ಞರು ಅದನ್ನು ಅರೆಮನಸ್ಸಿನಿಂದಲೇ ಸ್ವೀಕರಿಸಿದ್ದಾರೆ.

ಈ ವಾದದ ಸತ್ಯಾಸತ್ಯವನ್ನು ಒರೆಗೆ ಹಚ್ಚುವ ಸಂದರ್ಭವೂ ಬನವಾಸಿ ನಾಡಿನಲ್ಲಿಯೇ ಒದಗಿತು. ಮೂರನೆಯ ಸೋದರ ಜಯಸಿಂಹನು ವಿಕ್ರಮನ ಪಕ್ಷದಲ್ಲಿದ್ದವನು. ಬನವಾಸಿಯ ಆಡಳಿತ ಅವನ ಪಾಲಿಗೆ ಬಂದಿತ್ತು. ಕೆಲವೇ ವರ್ಷಗಳಲ್ಲಿ ಅವನೂ ಅಣ್ಣನ ವಿರುದ್ಧ ದಂಡೆತ್ತಿ ಕೃಷ್ಣಾತೀರದವರೆಗೆ ನಡೆದು, ಅಲ್ಲಿ ಸೋತು ಸೆರೆಯಾದನು. ಬಿಲ್ಹಣನಿಗೆ ಈಗ ದಂಗೆಯೆದ್ದ ತಮ್ಮನೇ ದುಷ್ಟ, ಪಟ್ಟದಲ್ಲಿರುವ ಅಣ್ಣನೇ ಕ್ಷಮಾಶೀಲ. ಮೊದಲಿನ ಕದನದಲ್ಲಿ ತಮ್ಮನಿಗೆ ದೊರೆತ ಶಿವಾಜ್ಞೆ ಎರಡನೆಯದರಲ್ಲಿ ತಮ್ಮನಿಗೆ ದೊರೆಯಲಿಲ್ಲ. ಅಣ್ಣನ ಮೇಲೆ ತಮ್ಮನು ಏಳುವುದು ಧರ್ಮವೋ ಅಧರ್ಮವೋ ಎಂಬ ನಿಯಮವೊಂದು ಇಲ್ಲಿ ಕಾಣುವುದಿಲ್ಲ, ವಿಕ್ರಮನು ಯಾವ ಸ್ಥಾನದಲ್ಲಿದ್ದಾನೆ ಎಂಬುದಷ್ಟೇ ಕಾಣುತ್ತದೆ. ಜಯಸಿಂಹನಿಗೆ ದಂಗೆಯ ಪಾಠವನ್ನು ಹೇಳಿಕೊಟ್ಟವರು ಯಾರು? ಅವನು ಅದನ್ನು ತನ್ನ ಮನೆಯಲ್ಲಿಯೇ ಕಲಿತನು.

ಹಿಂಸೆಯು ವಿರೋಧಿಯೋ ಸಂಕಲ್ಪಿಯೋ ಎಂಬುದು ಮೊದಲ ಬಾಣವನ್ನು ಯಾರು ಬಿಟ್ಟರೆಂಬುದರಿಂದ ಮಾತ್ರ ನಿರ್ಧಾರವಾಗದು. ಒಳಗಿನ ಕಷಾಯವನ್ನು ನೋಡಬೇಕು. ತಡೆಯುವವನಿಗೆ ಆಕ್ರಮಣ ನಿಂತೊಡನೆ ಕೆಲಸ ಮುಗಿಯಿತು. ಎದುರಾಳಿಯ ಆಸನದ ಮೇಲೆ ಕುಳಿತಲ್ಲದೆ ಮುಗಿಯದ ತಡೆಯಲ್ಲಿ ಲೋಭವೂ ಮಾನವೂ ಬೆರೆತಿರುತ್ತವೆ. ಅಣ್ಣನು ನಿಜವಾಗಿಯೂ ಕೆಟ್ಟ ಅರಸನಾಗಿದ್ದರೆ ಪ್ರಜೆಗಳ ಗತಿಯೇನು ಎಂಬ ಪ್ರಶ್ನೆ ಹಗುರವಾದುದಲ್ಲ. ವಿಕ್ರಮನು ಐವತ್ತು ವರ್ಷ ರಾಜ್ಯವನ್ನು ದಕ್ಷತೆಯಿಂದ ಆಳಿದನೆಂಬುದೂ ಸುಳ್ಳಲ್ಲ. ಆದರೆ ಫಲವು ಒಳ್ಳೆಯದಾಯಿತೆಂಬುದು 1076ರ ರಣದಲ್ಲಿ ಸತ್ತವನಿಗೆ ಹೇಳಬಹುದಾದ ಉತ್ತರವಲ್ಲ.

ಪಂಪನು 941ರಲ್ಲಿ ರಚಿಸಿದ ಆದಿಪುರಾಣದಿಂದ ಕನ್ನಡಿಗರ ಮನೆಮಾತಾದ ಭರತ ಬಾಹುಬಲಿಗಳ ಪ್ರಸಂಗದಲ್ಲಿ ಬಾಹುಬಲಿಯ ತ್ಯಾಗವನ್ನು ಎಲ್ಲರೂ ನೆನೆಯುತ್ತಾರೆ. ಮಂತ್ರಿಗಳನ್ನು ಯಾರೂ ನೆನೆಯುವುದಿಲ್ಲ. ಎರಡೂ ಸೇನೆಗಳು ಎದುರುಬದುರಾಗಿ ನಿಂತಾಗ, ಸೋದರರ ಕಲಹಕ್ಕೆ ಪರರ ಮಕ್ಕಳು ಸಾಯಬೇಕೇಕೆಂದು ಯೋಚಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿಯೇ ಇತ್ಯರ್ಥವಾಗಲೆಂದು ಸೂಚಿಸಿದವರು ಅವರು. ವೈರವನ್ನು ಅವರು ಅಳಿಸಲಿಲ್ಲ, ಇಬ್ಬರಿಗೆ ಸೀಮಿತಗೊಳಿಸಿದರು. ಕಲ್ಯಾಣದಲ್ಲಿ ಕವಿಗಳಿಗೆ ಕೊರತೆಯಿರಲಿಲ್ಲ, ಅಂಥ ಮಂತ್ರಿಗಳ ಸುದ್ದಿ ಮಾತ್ರ ಕೇಳಿಬರುವುದಿಲ್ಲ.

ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದುದು ಇದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸಾಧಿಸಿದ, ಸೋದರರ ವಿಭಾಗವನ್ನು ಕೂಲಂಕಷವಾಗಿ ವಿಚಾರಿಸಿದ ಗ್ರಂಥವದು. ಅಣ್ಣನ ಪಾಲನ್ನು ಕತ್ತಿಯಿಂದ ಪಡೆದವನ ಊರಿನಲ್ಲಿ ಕುಳಿತು, ಪಾಲಿನ ವಿಷಯದಲ್ಲಿ ಕತ್ತಿಗೆ ಎಡೆಯಿಲ್ಲದ ವ್ಯವಸ್ಥೆಯನ್ನು ಒಬ್ಬ ವಿದ್ವಾಂಸನು ಬರೆದನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ, ಹೆಣ್ಣುಮಕ್ಕಳಿಗೆ ಸಮಪಾಲು ನೀಡಿದ 2005ರ ತಿದ್ದುಪಡಿಯೂ ಜೈನ ಕುಟುಂಬಗಳಿಗೆ ಅನ್ವಯಿಸುತ್ತವೆ. ಆದರೂ ಅಡಕೆ ತೋಟದ ಒಂದು ಬದುವಿಗಾಗಿ, ಬಸದಿಯ ಆಡಳಿತ ಮಂಡಳಿಯ ಒಂದು ಸ್ಥಾನಕ್ಕಾಗಿ ಒಡಹುಟ್ಟಿದವರು ಮಾತು ಬಿಟ್ಟು ಕಟ್ಟೆಯೇರುವುದನ್ನು ಕಾಣದ ಊರು ವಿರಳ. ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ: ನಾವಾಗಿ ಹೋಗಲಿಲ್ಲ, ಅವರೇ ಮೊದಲು ಬಂದರು. ಆ ಮನೆಗಳಲ್ಲಿ ಬಿಲ್ಹಣರಿಗೆ ಕೊರತೆಯಿಲ್ಲ. ಬಂಧುಗಳಲ್ಲಿ ಅರ್ಧದಷ್ಟು ಜನ ಆ ಕೆಲಸವನ್ನು ಸಂತೋಷದಿಂದಲೇ ಮಾಡುತ್ತಾರೆ.

ಟ್ರಸ್ಟುಗಳಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯನ್ನು ಬಳ್ಳಿಗಾವಿಯ ಎರಡು ಶಾಸನಗಳು ಮುಂದಿಡುತ್ತವೆ. ಭುವನೈಕಮಲ್ಲನ ಅಧೀನದಲ್ಲಿ ಬನವಾಸಿಯನ್ನಾಳುತ್ತಿದ್ದ ಲಕ್ಷ್ಮಣನು, ಸುಕುಮಾರಚರಿತೆಯ ಕವಿ ಶಾಂತಿನಾಥನ ಪ್ರೇರಣೆಯಿಂದ, ಮರದಿಂದ ಕಟ್ಟಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು 1068ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದನು. ವಿಕ್ರಮಾದಿತ್ಯನು ತಾನು ಕುಮಾರನಾಗಿದ್ದಾಗ ಅದೇ ಊರಿನಲ್ಲಿ ಮಾಡಿಸಿದ್ದ ಚಾಲುಕ್ಯ ಗಂಗ ಪೆರ್ಮಾನಡಿ ಜಿನಾಲಯಕ್ಕೆ, ಅಣ್ಣನನ್ನು ಸೆರೆಯಲ್ಲಿರಿಸಿದ ಮರುವರ್ಷ, 1077ರಲ್ಲಿ, ದತ್ತಿ ಕೊಟ್ಟನು. ಅದನ್ನು ಸ್ವೀಕರಿಸಿದ ಸೇನಗಣದ ರಾಮಸೇನ ಪಂಡಿತರು ತಪ್ಪು ಮಾಡಿದರೆಂದು ಹೇಳಲಾಗದು. ಪೂಜೆ ನಡೆಯಬೇಕಿತ್ತು, ಋಷಿಗಳಿಗೆ ಆಹಾರದಾನವಾಗಬೇಕಿತ್ತು, ಜಿನಾಲಯವಾದರೋ ಯುದ್ಧಕ್ಕಿಂತ ಹಿಂದಿನದು. ಆದರೆ ದತ್ತಿಯು ದಾನಿಗೆ ಪುಣ್ಯವನ್ನು ತಂದೀತೇ ಹೊರತು ಸೆರೆಮನೆಯ ಬಾಗಿಲನ್ನು ತೆರೆಯಲಾರದು. ದತ್ತಿ ಪಡೆದವರು ಆ ಬಾಗಿಲ ವಿಷಯವನ್ನು ಎತ್ತಿದರೋ ಇಲ್ಲವೋ ಎಂಬುದನ್ನು ಕಲ್ಲು ಹೇಳುವುದಿಲ್ಲ.

ಹೇಳುವುದಿಷ್ಟೇ: ಮೊದಲಿನ ಶಾಸನದ ಕಾಲ ಶಕವರ್ಷ 990, ಎರಡನೆಯದರ ಕಾಲ ಚಾಲುಕ್ಯ ವಿಕ್ರಮ ವರ್ಷದ 2ನೆಯದು.