ಹೊಸ್ತಿಲಾಚೆಯ ಶುಚಿತ್ವ

ಪ್ರಾತಃಕಾಲದಲ್ಲೆದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯಿಟ್ಟು, ಗುಡಿಸಿದ ಕಸವನ್ನು ಎದುರಿನ ಚರಂಡಿಗೆ ತಳ್ಳಿ ಒಳಬರುವ ಮನೆಯವರು ತಮ್ಮನ್ನು ಶುಚಿಯೆಂದೇ ಭಾವಿಸುತ್ತಾರೆ. ಆದರೆ ಹೊಸ್ತಿಲಿನೊಳಗೆ ಒಂದು ಧರ್ಮ, ಹೊಸ್ತಿಲಾಚೆಗೆ ಮತ್ತೊಂದು ಧರ್ಮವೆಂದು ಎಣಿಸುವ ಈ ಅಭ್ಯಾಸವೇ ನಮ್ಮ ಶೀಲದಲ್ಲಿರುವ ದೊಡ್ಡ ಬಿರುಕೆಂದು ನಾನು ನಂಬಿದ್ದೇನೆ.

ನಮ್ಮ ಹಿರಿಯರು ಕಸದ ನೆಲೆಯನ್ನು ಅರಿತಿದ್ದರು. ಕೃಷ್ಣರಾಜಪೇಟೆಯ ಸೀಮೆಯ ಹಳ್ಳಿಗಳಲ್ಲಿ ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಸೊಪ್ಪಿನ ದಂಟುಗಳೆಲ್ಲ ತಿಪ್ಪೆಗುಂಡಿಯಲ್ಲಿ ಕೊಳೆತು, ಮುಂಗಾರಿಗೆ ಮುನ್ನ ಗಾಡಿಯೇರಿ ಹೊಲ ಸೇರಿ, ರಾಗಿಯಾಗಿ ಮನೆಗೆ ಮರಳುತ್ತಿದ್ದವು. ಲೋಹಶಿಲ್ಪಕ್ಕೆ ಹೆಸರಾದ ನಾಗಮಂಗಲದಲ್ಲಿ ಒಡೆದ ಹಿತ್ತಾಳೆಯ ಚೊಂಬು ಕೂಡ ಕಸವಲ್ಲ, ಕುಲುಮೆಗೆ ಸಲ್ಲತಕ್ಕ ದ್ರವ್ಯ. ಹಸಿಯದು ಮಣ್ಣಿಗೆ, ಒಣಗಿದ್ದು ಕುಶಲಿಗಳ ಕೈಗೆ ಎಂಬ ಈ ವಿವೇಕವನ್ನೇ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಶಾಸನದ ಭಾಷೆಯಲ್ಲಿ ನುಡಿದವು: ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲಿಯೇ ಮೂರು ಬಗೆಯಾಗಿ ವಿಂಗಡಿಸತಕ್ಕದ್ದು, ನೈರ್ಮಲ್ಯ ಪ್ಯಾಡು, ಡೈಪರುಗಳನ್ನು ಭದ್ರವಾಗಿ ಸುತ್ತಿ ಕೊಡತಕ್ಕದ್ದು, ಬೀದಿಯಲ್ಲಾಗಲಿ ಚರಂಡಿಯಲ್ಲಾಗಲಿ ಕೆರೆ ಹೊಳೆಗಳಲ್ಲಾಗಲಿ ಎಸೆಯಲಾಗದು, ಸುಡಲಾಗದು.

ಈ ನಿಯಮದ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಪಾಂಡವಪುರದಲ್ಲಿ ವಾಸವಾಗಿದ್ದಾಗ, ರಾತ್ರಿಯೇ ಬಾಗಿಲಾಚೆ ಇಟ್ಟಿದ್ದ ನಮ್ಮ ಮನೆಯ ಕಸದ ಚೀಲವನ್ನು ಜಾವದಲ್ಲಿ ನಾಯಿಗಳು ಸೀಳಿದ್ದವು. ಚೆಲ್ಲಿದ್ದನ್ನು ಬರಿಗೈಯಿಂದ ಬಾಚುತ್ತಿದ್ದ ಪೌರಕಾರ್ಮಿಕ ತಾಯಿಯೊಬ್ಬರು ತಟಕ್ಕನೆ ಕೈ ಹಿಂದೆಳೆದರು. ತಂಗಳ ಮುದ್ದೆಯೊಳಗೆ ಹುದುಗಿದ್ದ ಬಳೆಯ ಚೂರು ಬೆರಳನ್ನು ಕೊಯ್ದಿತ್ತು. ಆಕೆ ಒಂದು ಮಾತನ್ನೂ ಆಡದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಮತ್ತೆ ಬಾಗಿದರು. ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಗಂಟು ಬಿಗಿದು ಮನೆ ಶುದ್ಧವಾಯಿತೆಂದುಕೊಳ್ಳುವುದೇ ನಿಜವಾಗಿ ತಿಪ್ಪೆ ಸಾರಿಸುವುದೆಂದು ಆ ದಿನ ಮನವರಿಕೆಯಾಯಿತು.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ 1948ರ ಫೆಬ್ರವರಿ 12ರಂದು, ಸ್ವಹಸ್ತದಿಂದ ಪೊರಕೆ ಹಿಡಿದು ಆಶ್ರಮ ಗುಡಿಸಿದ ಮಹಾತ್ಮರ ಚಿತಾಭಸ್ಮವನ್ನು ಕಾವೇರಿ ಸ್ವೀಕರಿಸಿದಳು. ಅದೇ ನೀರಿನಲ್ಲಿ ಇಂದು ಮೃತರ ಬಟ್ಟೆಬರೆ, ಪ್ಲಾಸ್ಟಿಕ್ ಚೀಲಗಳನ್ನು ಬಿಟ್ಟು ಪುಣ್ಯವೆನ್ನುವವರು ಉಂಟು. ಹೊಳೆಗೆ ಬಿಟ್ಟದ್ದು ಇಲ್ಲವಾಗುವುದಿಲ್ಲ. ಕೆಳಗಿನ ಊರಿನವರ ಪಾಲಿಗೆ ಹೋಗುತ್ತದೆ, ಅಷ್ಟೆ.

ಸದ್ಗುಣವು ಉಪದೇಶದಿಂದಲ್ಲ, ದಿನವೂ ಮಾಡುವ ಸಣ್ಣ ಕೆಲಸದಿಂದ ಮೈಗೂಡತಕ್ಕದ್ದು. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಇಟ್ಟು, ಮುಚ್ಚಳ ಮುಚ್ಚಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಗುರುತು ಬರೆಯಿರಿ. ರಾತ್ರಿಯೇ ಬೀದಿಗಿಡದೆ, ಪುರಸಭೆಯ ಗಾಡಿಯ ಸದ್ದು ಕೇಳಿದೊಡನೆ ತಂದು, ಬರಿದಾದ ಬುಟ್ಟಿಯನ್ನು ಕೂಡಲೇ ಒಳಗೊಯ್ಯಿರಿ. ಕಸವನ್ನು ಎಸೆಯುವುದಲ್ಲ, ಇನ್ನೊಬ್ಬರ ಕೈಗೆ ಒಪ್ಪಿಸುವುದು. ಆ ಕೈಗೆ ಗಾಯವಾಗದಂತೆ ಒಪ್ಪಿಸಬಲ್ಲವರ ಮನೆಯೇ ಶುಚಿಯಾದ ಮನೆ.